ಪರ್ಯಾಪ್ತಮನುಷ್ಯರಾಶಿ: ಪಾಠಶುದ್ಧಿಯೂ ಪ್ರಮಾಣವಿಚಾರವೂ

ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಏಕಸ್ಥಾನದಿಂದ ಮೊದಲುಗೊಂಡು 29 ಅಕ್ಷರಗಳಲ್ಲಿ, ಕಟಪಯಾದಿ ಕ್ರಮದಿಂದ ನಿಬಂಧಿಸಿದ್ದಾರೆ. ಬಿಡಿಸಿದಾಗ ದೊರೆಯುವ ರಾಶಿ 79228162514264337593543950336. 1359ರಲ್ಲಿ ಕೇಶವವರ್ಣಿಗಳಿಂದ ಕನ್ನಡ ವೃತ್ತಿಯನ್ನು ಪಡೆದ ಈ ಗ್ರಂಥವು ಕನ್ನಡ ಲಿಪಿಯ ಓಲೆಗಳಲ್ಲಿಯೂ ಉಳಿದುಬಂದಿದೆ. ಅಂತಹ ಓಲೆಗಳಲ್ಲಿ ಧಕಾರವು ದಕಾರವಾಗಿಯೂ ವಕಾರವು ಪಕಾರವಾಗಿಯೂ ತೋರುವುದು ಅಪರೂಪವಲ್ಲ. ಮೊದಲನೆಯದರಲ್ಲಿ 9 ಹೋಗಿ 8, ಎರಡನೆಯದರಲ್ಲಿ 4 ಹೋಗಿ 1 ಬರುತ್ತದೆ. ಹೀಗಿರುವಲ್ಲಿ ಈ ಪಾಠವನ್ನು ಶುದ್ಧವೆಂದು ನಂಬುವುದು ಹೇಗೆ?

ಉತ್ತರವು ರಾಶಿಯ ಸ್ವಭಾವದಲ್ಲಿಯೇ ಇದೆ. ದ್ವಿರೂಪವರ್ಗಧಾರೆಯಲ್ಲಿ 4, 16, 256, 65536, 4294967296 ಎಂಬಿವು ಮೊದಲ ಐದು ವರ್ಗಗಳು, ಆರನೆಯದು 18446744073709551616. ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೇ ಪ್ರಕೃತ ರಾಶಿ. ಐದನೆಯ ವರ್ಗದ ಘನವೂ ಅದೇ. ಆದುದರಿಂದ ಇದರ ಅರ್ಧಚ್ಛೇದಗಳು 96. ಶ್ವೇತಾಂಬರ ಪರಂಪರೆಯ ಅನುಯೋಗದ್ವಾರಸೂತ್ರವೂ 96 ಛೇದನಗಳನ್ನು ಕೊಡುವ ರಾಶಿಯೆಂದೇ ಇದನ್ನು ನಿರ್ದೇಶಿಸುತ್ತದೆ. ಅಂಕಗಳ ಮೊತ್ತ 127. ಒಂಬತ್ತರಿಂದ ಭಾಗಿಸಿದರೆ ಶೇಷ 1. ಧ–ದ, ವ–ಪ ವ್ಯತ್ಯಾಸಗಳು ಈ ಶೇಷದಿಂದಲೇ ಹೊರಬೀಳುತ್ತವೆ. ಅಕ್ಷರಗಳು ಸ್ಥಾನಪಲ್ಲಟಗೊಂಡರೆ ಮಾತ್ರ ಶೇಷವು ಬದಲಾಗದು. ಅಲ್ಲಿ ಅರ್ಧಚ್ಛೇದವೇ ನಿರ್ಣಾಯಕ. 96 ಬಾರಿ ಅರ್ಧಿಸಿ ಒಂದಕ್ಕೆ ನಿಲ್ಲುವ ರಾಶಿ ಇದೊಂದೇ.

ಪಾಠವು ಶುದ್ಧವಾದ ಮಾತ್ರಕ್ಕೆ ವಿವಾದವು ಮುಗಿಯಲಿಲ್ಲ. ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮವು ಈ ಜೀವರ ಸಂಖ್ಯೆಯನ್ನು ಆರನೆಯ ಮತ್ತು ಏಳನೆಯ ವರ್ಗಗಳ ನಡುವೆ, ಹಾಗೆಯೇ ಕೋಟಿಯ ಮೂರನೆಯ ಮತ್ತು ನಾಲ್ಕನೆಯ ಘಾತಗಳ ನಡುವೆ ಇರಿಸುತ್ತದೆ. ವರ್ಗದ ಎಲ್ಲೆಯನ್ನು ನಮ್ಮ ರಾಶಿ ಮೀರುವುದಿಲ್ಲ. ಕೋಟಿಯ ನಾಲ್ಕನೆಯ ಘಾತವೆಂದರೆ 1ರ ಮುಂದೆ 28 ಸೊನ್ನೆಗಳು. ಅದಕ್ಕೂ 29 ಸ್ಥಾನಗಳೇ. ಸ್ಥಾನಗಳು ಸಮವಾದರೂ ಪ್ರಕೃತ ರಾಶಿ ಅದರ ಸುಮಾರು ಎಂಟು ಪಟ್ಟು ದೊಡ್ಡದು. ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಈ ವಿರೋಧವನ್ನು ಮರೆಮಾಚಲಿಲ್ಲ. ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಗಣಿಸಿ, ಇಷ್ಟು ಮನುಷ್ಯರು ಅಲ್ಲಿ ಹಿಡಿಸಲಾರರೆಂದು ತೋರಿಸಿ, 29 ಅಂಕಗಳ ಈ ರಾಶಿಯನ್ನು ಅವರು ನಿರಾಕರಿಸಿದರು.

ನೇಮಿಚಂದ್ರರು ವೀರಸೇನರಿಗಿಂತ ಈಚಿನವರು. ಆದರೂ ಅವರ ಗಾಥೆಯಲ್ಲಿ ನಿರಾಕೃತ ರಾಶಿಯೇ ನಿಂತಿದೆ. ಇದನ್ನು ಲಿಪಿಕಾರನ ಪ್ರಮಾದವೆಂದು ಹೇಳಿ ಪಾರಾಗಲು ಬಾರದು. 96 ಅರ್ಧಚ್ಛೇದಗಳು ಆ ದಾರಿಯನ್ನು ಮುಚ್ಚಿವೆ. ಎರಡು ಆಚಾರ್ಯಪರಂಪರೆಗಳು ಇಲ್ಲಿ ನಿಜವಾಗಿಯೇ ಭಿನ್ನವಾಗಿವೆ. ಸೂತ್ರಕ್ಕೆ ಹೊಂದುವಂತೆ ಗಾಥೆಯನ್ನಾಗಲಿ, ಗಾಥೆಗೆ ಹೊಂದುವಂತೆ ಸೂತ್ರವನ್ನಾಗಲಿ ತಿದ್ದುವ ಸಂಪಾದಕನು ಆ ಭೇದವನ್ನೇ ಅಳಿಸಿದಂತಾಗುತ್ತದೆ. ಗಣಿತವು ಅಕ್ಷರದ ಶುದ್ಧಿಗೆ ಸಾಕ್ಷಿ. ಸಿದ್ಧಾಂತದ ನಿರ್ಣಯ ಅದರ ಅಧಿಕಾರಕ್ಕೆ ಹೊರತು. ಎರಡೂ ಪಾಠಗಳನ್ನು ಇದ್ದಂತೆಯೇ ಮುದ್ರಿಸಿ, ವೀರಸೇನರ ಆಕ್ಷೇಪವನ್ನು ಅವುಗಳ ಕೆಳಗೆ ಕಾಣಿಸುವುದೇ ಶಾಸ್ತ್ರಸಮ್ಮತವಾದ ಸಂಪಾದನೆ.