ದಾಸನಿಗೆ ಪದವಿ, ದಾಸಿಗೆ?

ಕಾಲೇಜಿನಲ್ಲಿ ನಮಗೆ ದಾಸಸಾಹಿತ್ಯ ಕಲಿಸಿದರು. ದಾಸನೆಂದರೆ ಹರಿಯ ಸೇವಕ, ಅದೊಂದು ಪದವಿ, ಬರಕೊಳ್ರಿ ಅಂದರು. ಬರಕೊಂಡೆವು. ಆದರೆ ಆ ಪದದ ಬೇರು ಕೆದಕಿದರೆ ಬೇರೆಯದೇ ವಾಸನೆ. ಋಗ್ವೇದದಲ್ಲಿ ದಾಸ ಎಂದರೆ ಆರ್ಯರ ವೈರಿ. ಮುಂದೆ ಅದೇ ಪದಕ್ಕೆ ಗುಲಾಮ ಎಂಬ ಅರ್ಥ. ಮನು ಏಳು ಬಗೆಯ ದಾಸರನ್ನು ಎಣಿಸಿದ: ಯುದ್ಧದಲ್ಲಿ ಸೆರೆಸಿಕ್ಕವನು, ಕೂಳಿಗಾಗಿ ಬಂದವನು, ಮನೆಯಲ್ಲೇ ಹುಟ್ಟಿದವನು, ಕೊಂಡು ತಂದವನು, ಹಿರಿಯರಿಂದ ಇಳಿದು ಬಂದವನು, ಹೀಗೆ.

ಈ ಗುಲಾಮ ಭಕ್ತಿಯ ಗುಡಿ ಹೊಕ್ಕು ಕೈಮುಗಿಸಿಕೊಳ್ಳುವ ದಾಸನಾದ. ಆಗಲಿ. ಗುಡಿಗೆ ಹೋದ ದಾಸಿ ಏನಾದಳು? ಅಥಣಿ ತಾಲೂಕಿನ ಕೊಕಟನೂರ ಎಲ್ಲಮ್ಮನ ಮುಂದೆ, ಸವದತ್ತಿ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡವರು ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ನಮ್ಮ ಕೇರಿಯ ಹುಡುಗಿಯರು. ಊರ ಬಾಯಲ್ಲಿ ಅದಕ್ಕೆ 'ದೇವರಿಗೆ ಬಿಟ್ಟಾರ' ಎಂಬ ಮಾತು. ಗೂಳಿ ಬಿಟ್ಟಂಗ! ಗೂಳಿ ಊರ ಹೊಲ ಮೇಯ್ತದ. ಇವಳನ್ನು ಊರೇ ಮೇಯ್ತು. ದೇವದಾಸಿ ಎಂಬುದು ಪಂಡಿತರ, ಸರಕಾರದ ಮಡಿಮಾತು. ಈ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲಿ ಬಂದ ಕಾನೂನೂ, ಕರ್ನಾಟಕದ 1982ರ ಕಾನೂನೂ ಅದೇ ಹೆಸರು ಹೊತ್ತವು. 'ದೇವ' ಅನ್ನೋದನ್ನು ಕಿತ್ತು ನೋಡ್ರಿ, ಉಳಿಯುವುದು ಮನುವಿನ ಪಟ್ಟಿ: ಕೂಳಿಗಾಗಿ ಬಂದವಳು, ಅವ್ವನಿಂದ ಇಳಿದು ಬಂದವಳು.

ಸಾಲಿಯಲ್ಲಿ ಅಪ್ಪನ ಹೆಸರು ಕೇಳಿದಾಗ ಇವಳ ಮಕ್ಕಳು ಸುಮ್ಮನೆ ನಿಂತರು. ದಾಸ ಪದಕ್ಕೆ ನಮಗೆ ಬರೆಸಿದ ಅರ್ಥದೊಳಗ ಆ ಮೌನ ಎಲ್ಲೈತಿ?