ಎಷ್ಟು ತಾಸು ಚಿತ್ರ, ಯಾರ ಒಪ್ಪಿಗೆ?

ವಿಜಯಪುರ ನಗರವಿರಲಿ, ತಿಕೋಟಾ, ಬಬಲೇಶ್ವರಗಳಿರಲಿ, ಮದುವೆ ಗೊತ್ತಾದೊಡನೆ ಏಳುವ ಪ್ರಶ್ನೆಗಳಲ್ಲಿ ಈಗ ಇದೂ ಒಂದು: ಫೋಟೋದವರನ್ನು ಎಷ್ಟು ತಾಸಿಗೆ ಕರೆಸಬೇಕು? ಉತ್ತರ ಹೇಳುವುದು ಸಾಮಾನ್ಯವಾಗಿ ನೆರೆಮನೆಯ ಆಲ್ಬಮ್!

ನಿಕಾಹ್‌ನ ತಿರುಳು ಚಿಕ್ಕದು. ಖುತ್ಬಾ, ಮಹರ್‌ನ ನಿಗದಿ, ಇಬ್ಬರು ಸಾಕ್ಷಿಗಳ ಎದುರು ಒಪ್ಪಿಗೆ, ರುಜು, ದುಆ. ಅರ್ಧ ತಾಸು ಸಾಕು. ಹಿಂದೂ ಬಾಂಧವರ ಮದುವೆಯಲ್ಲೂ ಅಕ್ಕಿಕಾಳು ಬೀಳುವ ಹೊತ್ತು ನಿಮಿಷಗಳದ್ದೇ. ಉಳಿದ ತಾಸುಗಳೆಲ್ಲಿ ಹೋಗುತ್ತವೆ? ಕ್ಯಾಮರಾಕ್ಕಾಗಿ ಎರಡನೇ ಸಲ ಹಾಕಿಸುವ ಹಾರಕ್ಕೆ, ವೇದಿಕೆಯ ಮುಂದಿನ ಸಾಲಿಗೆ. ಅತ್ತ ಹಿರಿಯರು ಊಟಕ್ಕೆ ಕಾಯುತ್ತಾರೆ; ಇತ್ತ ಮದುಮಗಳು ದೀಪದ ಕಾವಿನಲ್ಲಿ ಬೆವರುತ್ತಾಳೆ.

ಖರ್ಚಿಗಿಂತ ದೊಡ್ಡ ಪ್ರಶ್ನೆ ಹೆಂಗಸರ ಕೋಣೆಯದು. ಒಳಗೆ ಸುಮಾರು 124 ಅಡಿ ವ್ಯಾಸವಿರುವ ಗೋಳಗುಮ್ಮಟದಲ್ಲಿ ಈ ಕಡೆ ಪಿಸುಗುಟ್ಟಿದ್ದು ಆ ಕಡೆ ಕೇಳಿಸುತ್ತದೆ. ಹೆಂಗಸರ ಕೋಣೆಯಲ್ಲಿ ತೆಗೆದ ಚಿತ್ರವೂ ಹಾಗೆಯೇ. ಮೊಬೈಲಿನಿಂದ ಮೊಬೈಲಿಗೆ ಹೋಗಿ ಅಪರಿಚಿತರನ್ನು ಮುಟ್ಟಬಲ್ಲದು. ನಿಕಾಹ್‌ಗೆ ಹುಡುಗಿಯ ಒಪ್ಪಿಗೆ ಕೇಳುವ ನಾವು ಚಿತ್ರಕ್ಕೆ ಕೇಳುವುದು ಬೇಡವೇ?

ಆದ್ದರಿಂದ ಮೊದಲು ಮದುಮಗಳನ್ನೇ ಕೇಳಿ, ಬೇಕಾದ ಕ್ಷಣಗಳ ಪಟ್ಟಿ ಮಾಡೋಣ. ವರನ ಆಗಮನದಿಂದ ಬೀಳ್ಕೊಡುಗೆಯವರೆಗೆ ಮೂರು-ನಾಲ್ಕು ತಾಸು ಧಾರಾಳ. ವಲೀಮಾ ಬೇರೆ ದಿನವಿದ್ದರೆ ಅದಕ್ಕೆ ಒಂದೆರಡು. ಹೆಂಗಸರ ಕಡೆಗೆ ಛಾಯಾಗ್ರಾಹಕಿಯೇ ಇರಲಿ. ಅವರು ಬೇಡವೆಂದರೆ ಅಲ್ಲಿ ಕ್ಯಾಮರಾವೇ ಬೇಡ. ಹೆಚ್ಚುವರಿ ತಾಸಿನ ದರ, ಕೇಳದೆ ಚಿತ್ರಗಳನ್ನು ಎಲ್ಲಿಯೂ ಹಾಕಬಾರದೆಂಬ ಷರತ್ತು ಮೊದಲೇ ಬರಹದಲ್ಲಿರಲಿ. ಹಾಗೆಯೇ ನಿಂತೇ ದುಡಿಯುವ ಛಾಯಾಗ್ರಾಹಕರಿಗೂ ಹೊತ್ತಿಗೆ ಸರಿಯಾಗಿ ಊಟ ಬಡಿಸುವುದನ್ನು ಮರೆಯದಿರೋಣ.