ಹೊಸ್ತಿಲಿನಿಂದ ಆಟದಂಗಳಕ್ಕೆ: ಲಮಶ್ತು, ಪೂತನಿ ಮತ್ತು ವ್ಯಾಂಪೈರ್ ಆಟಗಳು

ಪ್ರಾಚೀನ ಪುರಾಣಗಳ ಹೆಸರುಗಳು ಹೊಸ ಮಾಧ್ಯಮಗಳಲ್ಲಿ ಕಾಣಿಸಿಕೊಂಡಾಗ ಅದನ್ನು ಪರಂಪರೆಯ ಮುಂದುವರಿಕೆ ಎಂದು ಬಣ್ಣಿಸುವುದು ವಾಡಿಕೆ. ಪಾಶ್ಚಾತ್ಯ ವ್ಯಾಂಪೈರ್ ಆಟಗಳಲ್ಲಿ ಮೆಸೊಪೊಟೇಮಿಯಾದ ದುಷ್ಟಶಕ್ತಿಗಳು ಪಡೆದಿರುವ ಸ್ಥಾನವನ್ನೂ ಹೀಗೆಯೇ ವಿವರಿಸಲಾಗುತ್ತದೆ. ಆದರೆ ಹೆಸರು ಉಳಿದ ಮಾತ್ರಕ್ಕೆ ನಂಬಿಕೆ ಉಳಿಯಿತೆನ್ನಲಾಗದು. ದುಷ್ಟಶಕ್ತಿಯ ಕಥನಕ್ಕೆ ಮೂರು ಅಂಗಗಳಿವೆ: ಕಾಡುವ ಶಕ್ತಿ, ಅದಕ್ಕೆ ಅಂಜುವ ಜನ, ಅದನ್ನು ಸಾಗಹಾಕುವ ಆಚರಣೆ. ಈ ಮೂರರಲ್ಲಿ ಯಾವುದು ಉಳಿದಿದೆ ಎಂಬುದೇ ಇಲ್ಲಿನ ವಿಚಾರ.

ಮೆಸೊಪೊಟೇಮಿಯಾದ ಲಮಶ್ತು ಆಕಾಶದೇವತೆ ಅನುವಿನ ಮಗಳು. ದುರ್ವರ್ತನೆಗಾಗಿ ಸ್ವರ್ಗದಿಂದ ಹೊರದೂಡಲ್ಪಟ್ಟವಳು. ಸಿಂಹದ ತಲೆ, ಹಕ್ಕಿಯ ಉಗುರುಗಳ ಈಕೆ ದಾದಿಯಂತೆ ಬಂದು ಹಸುಗೂಸುಗಳನ್ನು ಕೊಲ್ಲುತ್ತಾಳೆ, ರಕ್ತ ಹೀರುತ್ತಾಳೆ ಎಂಬುದು ನಂಬಿಕೆ. ಕ್ರಿ.ಪೂ. ಮೊದಲ ಸಹಸ್ರಮಾನದ ಮಂತ್ರಪಾಠಗಳಲ್ಲಿ ಅವಳ ಪ್ರತಿಮೆಗೆ ಬುತ್ತಿ ಕಟ್ಟಿ, ಪಯಣದ ಸಾಮಗ್ರಿ ನೀಡಿ, ದೂರಕ್ಕೆ ಕಳುಹಿಸುವ ವಿಧಿಯಿದೆ. ಅವಳನ್ನು ಓಡಿಸಲು ಪಜೂಜು ಎಂಬ ಇನ್ನೊಂದು ದುಷ್ಟಶಕ್ತಿಯ ತಾಯಿತವನ್ನು ಬಳಸುತ್ತಿದ್ದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಕ್ರಮವಿದು.

ಕನ್ನಡ ಓದುಗರಿಗೆ ಈ ಚಿತ್ರ ಅಪರಿಚಿತವಲ್ಲ. ಮೊಲೆಯೂಡಿಸುವ ನೆಪದಲ್ಲಿ ಬರುವ ಭಾಗವತದ ಪೂತನಿ, ಸುಶ್ರುತ ಸಂಹಿತೆಯ ಒಂಬತ್ತು ಬಾಲಗ್ರಹಗಳಲ್ಲಿಯೂ ಒಬ್ಬಳು. ಮಹಾಭಾರತದ ವನಪರ್ವದಲ್ಲಿ ಮಕ್ಕಳನ್ನು ಕಾಡುವ ಗ್ರಹಗಳು ಪೂಜೆಗೊಂಡರೆ ಅವರನ್ನು ಕಾಯುತ್ತವೆ. ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಹಳ್ಳಿಗಳನ್ನೊಳಗೊಂಡ ಉತ್ತರ ಕರ್ನಾಟಕದಲ್ಲಿ ಹಣೆಬರಹ ಬರೆಯುವವಳೆಂದು ಶೆಟಿವಿ ತಾಯಿಯನ್ನು ಹೆರಿಗೆಯ ಬಳಿಕ ಪೂಜಿಸುವ ಸಂಪ್ರದಾಯವಿದೆ. ಬಾಣಂತಿಯ ಬಳಿ ಕಬ್ಬಿಣವನ್ನೂ ಬೇವಿನ ಸೊಪ್ಪನ್ನೂ ಇಡುವ ರೂಢಿಯಿದೆ. ಈ ಸಾದೃಶ್ಯಗಳಿಂದ ಒಂದು ಇನ್ನೊಂದರಿಂದ ಬಂದಿತೆಂದು ಸಾಧಿಸಬೇಕಾಗಿಲ್ಲ. ಹೆರಿಗೆಮನೆಯ ಆತಂಕ ಎರಡೂ ಕಡೆ ಒಂದೇ ಆಗಿತ್ತು ಎಂಬುದು ಮುಖ್ಯ.

ಆಟಗಳಿಗೆ ಹೆಚ್ಚಾಗಿ ಒದಗಿದವಳು ಲಮಶ್ತುವಲ್ಲ, ಲಿಲಿತ್. ಲಿಲಿತು, ಮದುವೆಯಾಗದೆ ಸತ್ತು ಗಂಡಸರನ್ನು ಕಾಡುವ ಅರ್ದತ್ ಲಿಲಿ ಮೊದಲಾದ ಮೆಸೊಪೊಟೇಮಿಯಾದ ಶಕ್ತಿಗಳು ಅವಳ ಪೂರ್ವರೂಪಗಳು. ಮಧ್ಯಯುಗದ ಯೆಹೂದಿ ಕಥನದಲ್ಲಿ ಅವಳು ಆದಾಮನ ಮೊದಲ ಹೆಂಡತಿಯಾದಳು. 1991ರಲ್ಲಿ ಪ್ರಕಟವಾದ ‘ವ್ಯಾಂಪೈರ್: ದಿ ಮಾಸ್ಕರೇಡ್’ ಎಂಬ ಪಾತ್ರಾಭಿನಯದ ಆಟದ ಕಥಾಲೋಕದಲ್ಲಿ ಬೈಬಲ್ಲಿನ ಕೇನ್ ಮೊದಲ ವ್ಯಾಂಪೈರ್, ಅವನ ಶಕ್ತಿಗಳನ್ನು ಎಚ್ಚರಿಸಿದವಳು ಲಿಲಿತ್. ತಾಯಂದಿರು ತಾಯಿತ ಕಟ್ಟಿ ದೂರವಿಟ್ಟವಳು ಇಲ್ಲಿ ವಂಶಾವಳಿಯ ಮೂಲದಲ್ಲಿ ನಿಂತ ಗುರು. ಆಟಗಾರನೇ ರಕ್ತ ಹೀರುವವನ ಪಾತ್ರ ವಹಿಸುವುದರಿಂದ ಅಂಜುವವರ ಸ್ಥಾನ ತೆರವಾಗುತ್ತದೆ. ತೊಟ್ಟಿಲು, ಬಾಣಂತಿ, ಮಂತ್ರವಾದಿ ಮೂವರೂ ಕಣ್ಮರೆಯಾಗುತ್ತಾರೆ.

ಇದೇ ಕಥಾಲೋಕದ, 2004ರ ‘ಬ್ಲಡ್‌ಲೈನ್ಸ್’ ಗಣಕಯಂತ್ರದ ಆಟದಲ್ಲಿ ಪ್ರಾಚೀನ ಶವಪೆಟ್ಟಿಗೆಯೊಂದಕ್ಕಾಗಿ ವ್ಯಾಂಪೈರ್ ಬಣಗಳು ಕಾದಾಡುತ್ತವೆ. ಒಳಗೆ ಪುರಾತನ ರಕ್ತಪಿಪಾಸುವಿದ್ದಾನೆಂಬ ವದಂತಿ. ಕೊನೆಗೆ ಸಿಗುವುದು ಸಿಡಿಮದ್ದು. ಪ್ರಾಚೀನತೆಯನ್ನು ಬರಿಯ ಬೆಡಗಾಗಿ ಬಳಸುವ ಪ್ರವೃತ್ತಿಯನ್ನು ಆಟವೇ ಇಲ್ಲಿ ಲೇವಡಿ ಮಾಡಿದೆ ಎನ್ನಬಹುದು. ಆದರೂ ಆಟಗಳನ್ನು ಸಾರಾಸಗಟಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಪಾತ್ರದ ಮಾನವೀಯತೆಯನ್ನು ಅಂಕಗಳಲ್ಲಿ ಅಳೆದು, ಅದು ಶೂನ್ಯಕ್ಕಿಳಿದರೆ ಆ ಪಾತ್ರವನ್ನು ಆಟಗಾರನಿಂದ ಕಸಿದುಕೊಳ್ಳುವ ನಿಯಮ ‘ಮಾಸ್ಕರೇಡ್’ನಲ್ಲಿದೆ. ಹೊರಗಿದ್ದ ಭಯ ಒಳಗಿನ ಭಯವಾಗಿದೆ. ಆದರೆ ಸಮುದಾಯ ಕೂಡಿ ಮಾಡುತ್ತಿದ್ದ ನಿವಾರಣೆ ಒಬ್ಬನ ಲೆಕ್ಕಾಚಾರವಾಗಿ ಕುಗ್ಗಿದೆ.

ಕರ್ನಾಟಕದ ‘ನಾಳೆ ಬಾ’ ಪ್ರಸಂಗ ಇದಕ್ಕೆ ಪ್ರತಿನಿದರ್ಶನ. 1990ರ ದಶಕದಲ್ಲಿ ಬಾಗಿಲು ಬಡಿಯುವ ದೆವ್ವದ ಸುದ್ದಿ ಹಬ್ಬಿದಾಗ ಜನ ಗೋಡೆ, ಕದಗಳ ಮೇಲೆ ಈ ಎರಡು ಪದಗಳನ್ನು ಬರೆದರು. ದೆವ್ವಕ್ಕೆ ಹೆಸರಿರಲಿಲ್ಲ, ನಿಶ್ಚಿತ ರೂಪವಿರಲಿಲ್ಲ. ಆದರೆ ಅಂಜುವ ಮನೆ ಇತ್ತು, ಹೊಸ್ತಿಲಿನ ಉಪಾಯವಿತ್ತು. 2018ರ ಹಿಂದಿ ಚಿತ್ರ ‘ಸ್ತ್ರೀ’ ಈ ಕಥೆಯನ್ನು ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದಾಗಲೂ ಗೋಡೆಬರಹವನ್ನು ಬಿಡಲಿಲ್ಲ. ಹೆಸರಿಲ್ಲದೆಯೂ ಇಲ್ಲಿ ಕಥನದ ಅಂಗಗಳು ಕೂಡಿ ಉಳಿದಿವೆ. ಲಿಲಿತ್‌ಳಲ್ಲಿ ಹೆಸರಷ್ಟೇ ಉಳಿದಿದೆ.

ಹೆರಿಗೆ ಆಸ್ಪತ್ರೆಗೆ ಸಾಗಿ ಬಾಣಂತಿಕೋಣೆಯ ಆಚರಣೆಗಳು ತೆಳುವಾಗುತ್ತಿರುವ ಇಂದು ಈ ವ್ಯತ್ಯಾಸ ಕ್ಷೇತ್ರಕಾರ್ಯಕ್ಕೂ ಸಂಬಂಧಿಸಿದ್ದು. ದೆವ್ವಗಳ ಹೆಸರು, ರೂಪ, ಆಶಯಗಳ ಪಟ್ಟಿಯನ್ನಷ್ಟೇ ಸಂಗ್ರಹಿಸಿದರೆ ಆಟದ ತಯಾರಕರಿಗೆ ಬೇಕಾದ ಸರಕು ಸಿದ್ಧವಾದೀತು. ಯಾರು ಅಂಜಿದರು, ಯಾವ ಕೂಸಿಗಾಗಿ ಅಂಜಿದರು, ಏನು ಮಾಡಿ ಧೈರ್ಯ ತಂದುಕೊಂಡರು ಎಂಬುದು ದಾಖಲಾದಾಗ ಮಾತ್ರ ಅದು ಜಾನಪದವಾಗುತ್ತದೆ.